ಡಿಸ್ನಿ ವರ್ಲ್ಡ್‌ಗೆ ಹೋಗುವಾಗ ಊಟದ ಪ್ಲಾನ್‌ಗೆ ಮೊದಲೇ ದುಡ್ಡು ಕಟ್ಟಬೇಕಾ?

ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯವರಿಗೆ ಬೇಡ, ಗಿಟ್ಟುವುದಿಲ್ಲ.

ನೀವು ಕೇಳಿದ್ದನ್ನು ನಾನು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದಿ. ಸಿಂಧನೂರಿನಿಂದ ಆರು ಜನ ಹೊರಟಿದ್ದೀರಿ: ನೀವಿಬ್ಬರು, 11 ವರ್ಷದ ಮಗಳು, 5 ವರ್ಷದ ಮಗ, ನಿಮ್ಮ ಅಪ್ಪ-ಅವ್ವ. ನ್ಯೂಜೆರ್ಸಿಯಲ್ಲಿರುವ ತಂಗಿ ನಿಮಗಾಗಿ ಒರ್ಲ್ಯಾಂಡೊದಲ್ಲಿ, ಡಿಸ್ನಿ ವರ್ಲ್ಡ್ ಮನರಂಜನಾ ಪಾರ್ಕಿನವರದೇ ಹೋಟೆಲಿನಲ್ಲಿ ನಾಲ್ಕು ರಾತ್ರಿಗೆ ಬುಕ್ ಮಾಡುತ್ತಿದ್ದಾರೆ. ಅದರ ಜೊತೆ ಡೈನಿಂಗ್ ಪ್ಲಾನ್ ಕೂಡ ಹಾಕಿಸಲಾ ಅಂತ ಕೇಳಿದ್ದಾರೆ. ಅಪ್ಪ-ಅವ್ವ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಷ್ಟೇ ಅಲ್ವಾ?

ನಾನು ಬಳ್ಳಾರಿಯವನು, ಜೀನ್ಸ್ ಯೂನಿಟ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ತಮ್ಮ ಅಮೆರಿಕದಲ್ಲಿದ್ದಾನೆ. ಅವನ ಮನೆಯವರ ಜೊತೆ, ನಮ್ಮ ಅವ್ವನನ್ನೂ ಕರೆದುಕೊಂಡು ಡಿಸ್ನಿ ನೋಡಿ ಬಂದಿದ್ದೇವೆ. ಹಾಗಾಗಿ ಉತ್ತರದಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇರುತ್ತದೆ, ಸಹಿಸಿಕೊಳ್ಳಿ.

ಮೊದಲು ಪ್ಲಾನ್ ಅಂದರೆ ಏನು ಅಂತ ನೋಡೋಣ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಇದನ್ನು ನಿಲ್ಲಿಸಿದ್ದರು. 2024ರ ಜನವರಿಯಲ್ಲಿ ಮತ್ತೆ ಶುರು ಮಾಡಿದರು. ಡಿಸ್ನಿಯವರದೇ ಹೋಟೆಲಿನಲ್ಲಿ ಪ್ಯಾಕೇಜ್ (ರೂಮು, ಪಾರ್ಕ್ ಟಿಕೆಟ್ ಒಟ್ಟಿಗೆ) ತೆಗೆದುಕೊಂಡು ಇಳಿದವರಿಗೆ ಮಾತ್ರ ಸಿಗುತ್ತದೆ. ಎರಡು ಬಗೆ ಇದೆ. ಒಂದು ಕ್ವಿಕ್ ಸರ್ವೀಸ್ ಪ್ಲಾನ್: ಒಂದು ರಾತ್ರಿಗೆ ಒಬ್ಬರಿಗೆ ಕೌಂಟರ್‌ನಲ್ಲಿ ತೆಗೆದುಕೊಳ್ಳುವ ಎರಡು ಊಟ, ಒಂದು ತಿನಿಸು. ಇನ್ನೊಂದು ದೊಡ್ಡ ಪ್ಲಾನ್: ಒಂದು ಕೌಂಟರ್ ಊಟ, ಟೇಬಲ್ಲಿಗೆ ಕುಳಿತು ಮಾಡುವ ಒಂದು ಊಟ, ಒಂದು ತಿನಿಸು. ಎರಡರಲ್ಲೂ ಹೋಟೆಲಿನಲ್ಲಿ ಎಷ್ಟು ಸಲ ಬೇಕಾದರೂ ಕಾಫಿ, ಸೋಡಾ ತುಂಬಿಸಿಕೊಳ್ಳುವ ಮಗ್ ಕೊಡುತ್ತಾರೆ.

ನಮ್ಮ ಕಡೆ ಖಾನಾವಳಿಯಲ್ಲಿ ತಿಂಗಳ ಕೂಪನ್ ತೆಗೆದುಕೊಳ್ಳುತ್ತೇವಲ್ಲ, ಇದೂ ಅದೇ. ಊರಿಗೆ ಹೋದರೂ, ಯಾರದೋ ಮದುವೆಯಲ್ಲಿ ಉಂಡರೂ, ಮೈಗೆ ಹುಷಾರಿಲ್ಲ ಅಂತ ಗಂಜಿ ಕುಡಿದು ಮಲಗಿದರೂ ಕೂಪನ್ ದುಡ್ಡು ಹೋದದ್ದು ಹೋದದ್ದೇ. ಖಾನಾವಳಿ ಮಾಲೀಕರಿಗಾದರೂ ಮುಖ ಪರಿಚಯ ಇರುತ್ತದೆ, ಮುಂದಿನ ತಿಂಗಳಿಗೆ ಹಾಕಿಕೊಳ್ಳಿ ಅಂದರೆ ಒಮ್ಮೊಮ್ಮೆ ಒಪ್ಪುತ್ತಾರೆ. ಇಲ್ಲಿ ಹೋಟೆಲ್ ಬಿಡುವ ದಿನದ ಮಧ್ಯರಾತ್ರಿಗೆ ಉಳಿದದ್ದೆಲ್ಲ ಸೊನ್ನೆ. ಅದಕ್ಕೇ ಕೊನೆಯ ದಿನ ಎಷ್ಟೋ ಮನೆಯವರು ಉಳಿದ ತಿನಿಸು ಮುಗಿಸಬೇಕು ಅಂತ ಪ್ಯಾಕೆಟ್ ಕುಕೀಸ್, ಚಾಕಲೇಟ್ ತುಂಬಿಕೊಂಡು ಹೊರಡುತ್ತಾರೆ. ಅವರಿಗೆ ಅದು ಬೇಕಿತ್ತು ಅಂತೇನಿಲ್ಲ.

ಈಗ ದರ. 2024ರಲ್ಲಿ ಶುರು ಮಾಡಿದಾಗ ಕ್ವಿಕ್ ಸರ್ವೀಸ್ ಪ್ಲಾನ್ ದೊಡ್ಡವರಿಗೆ ಒಂದು ರಾತ್ರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83 ಡಾಲರ್ ಇತ್ತು. ದೊಡ್ಡ ಪ್ಲಾನ್ 94.28 ಮತ್ತು 29.69. ಆಮೇಲೆ ಏರಿಸಿದ್ದಾರೆ, ನಿಮ್ಮ ಕೊಟೇಶನ್‌ನಲ್ಲಿ ಇನ್ನೂ ಜಾಸ್ತಿ ಬರುತ್ತದೆ. ನಾನು ಹಳೆಯ ಅಗ್ಗದ ದರದಲ್ಲೇ ಲೆಕ್ಕ ಹಾಕುತ್ತೇನೆ. ಅಗ್ಗದ ದರದಲ್ಲೇ ಗಿಟ್ಟದಿದ್ದರೆ ಹೊಸ ದರದಲ್ಲಿ ಕೇಳುವುದೇ ಬೇಡ.

ಒಂದು ವಿಷಯ ಗಮನಿಸಿ. 10 ವರ್ಷ ತುಂಬಿದರೆ ಅವರ ಲೆಕ್ಕದಲ್ಲಿ ದೊಡ್ಡವರು. ನಿಮ್ಮ 11 ವರ್ಷದ ಮಗಳಿಗೆ ನಿಮ್ಮಷ್ಟೇ ದುಡ್ಡು. ಅಂದರೆ ನಿಮ್ಮದು ಐದು ಜನ ದೊಡ್ಡವರು, ಒಂದು ಮಗು. ನಾಲ್ಕು ರಾತ್ರಿಗೆ ಕ್ವಿಕ್ ಸರ್ವೀಸ್ ಪ್ಲಾನ್ 1,235 ಡಾಲರ್ ಚಿಲ್ಲರೆ ಆಗುತ್ತದೆ. ದೊಡ್ಡ ಪ್ಲಾನ್ ಸುಮಾರು 2,004 ಡಾಲರ್. ಡಾಲರ್‌ಗೆ 90 ರೂಪಾಯಿ ಹಿಡಿದರೆ ಮೊದಲನೆಯದು 1 ಲಕ್ಷ 11 ಸಾವಿರ, ಎರಡನೆಯದು 1 ಲಕ್ಷ 80 ಸಾವಿರ. ಬರೀ ಊಟಕ್ಕೆ. ಟೇಬಲ್ ಊಟಕ್ಕೆ ಟಿಪ್ಸ್ ಬೇರೆ. ಆರು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಕುಳಿತರೆ 18 ಪರ್ಸೆಂಟ್ ಟಿಪ್ಸ್ ಅವರೇ ಬಿಲ್ಲಿಗೆ ಸೇರಿಸುತ್ತಾರೆ, ಮತ್ತೆ ನೀವು ಸರಿಯಾಗಿ ಆರು ಜನ.

ಈಗ ಅಸಲು ಮಾತಿಗೆ ಬರುತ್ತೇನೆ. ಪ್ಲಾನ್ ಒಳ್ಳೆಯದು ಅನ್ನುವವರು ಹಾಕುವ ಲೆಕ್ಕ ಹೇಗಿರುತ್ತದೆ ಅಂದರೆ, ಪ್ಲಾನ್ ಇದ್ದರೆ ಅತಿ ದುಬಾರಿ ಐಟಂ ಯಾವುದು ಬರುತ್ತದೆ ಅಂತ ನೋಡುತ್ತಾರೆ, ಅದರ ಬೆಲೆ ಕೂಡುತ್ತಾರೆ, ನೋಡಿ ಇಷ್ಟು ಉಳಿಯಿತು ಅನ್ನುತ್ತಾರೆ. ಆದರೆ ಪ್ಲಾನ್ ಇಲ್ಲದಿದ್ದರೆ ಆ ಐಟಂ ನೀವು ತೆಗೆದುಕೊಳ್ಳುತ್ತಿದ್ದಿರಾ? ನಿಮ್ಮ ಅವ್ವ ತೆಗೆದುಕೊಳ್ಳುತ್ತಿದ್ದರಾ? ಹೋಲಿಸಬೇಕಾದ್ದು ಪ್ಲಾನ್ ಇಲ್ಲದೆ ನೀವು ಸಹಜವಾಗಿ ತಿನ್ನುವ ಊಟದ ಜೊತೆ. ಮೆನು ಕಾರ್ಡಿನ ಅತಿ ದುಬಾರಿ ಸಾಲಿನ ಜೊತೆ ಅಲ್ಲ. ಇನ್ನೊಂದು, ಪ್ಲಾನ್‌ನಲ್ಲಿ 21 ವರ್ಷ ದಾಟಿದವರಿಗೆ ಊಟದ ಜೊತೆ ಬಿಯರ್ ಅಥವಾ ಕಾಕ್‌ಟೇಲ್ ಕೂಡ ತೆಗೆದುಕೊಳ್ಳಲು ಬರುತ್ತದೆ. ಕುಡಿಯುವವರಿಗೆ ಅಲ್ಲೇ ಅರ್ಧ ಗಿಟ್ಟುತ್ತದೆ. ನಿಮ್ಮ ಅಪ್ಪ ನೀರು ಕುಡಿದರೂ ದರ ಅಷ್ಟೇ.

ನೀರಿನ ಮಾತು ಬಂತು ನೋಡಿ. ಸೋಡಾ ಮಷೀನ್ ಇರುವ ಕೌಂಟರ್‌ನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ ಕೊಡುತ್ತಾರೆ. ಬಾಟ್ಲಿ ಕೊಳ್ಳಬೇಡಿ.

ನಿಮ್ಮಂಥ ಮನೆಯವರು ಪ್ಲಾನ್ ಇಲ್ಲದೆ ಒಂದು ದಿನ ಹೇಗೆ ತಿನ್ನುತ್ತಾರೆ ಅಂತ ನನ್ನ ಅಂದಾಜು ಹೇಳುತ್ತೇನೆ. ಬೆಳಿಗ್ಗೆ ರೂಮಿನಲ್ಲೇ ಬ್ರೆಡ್, ಹಾಲು, ಬಾಳೆಹಣ್ಣು. ಸಣ್ಣ ಫ್ರಿಜ್, ಕಾಫಿ ಮೇಕರ್ ರೂಮಿನಲ್ಲಿ ಇರುತ್ತವೆ. ತಂಗಿ ಫೋನಿನಲ್ಲೇ ದಿನಸಿ ಆರ್ಡರ್ ಮಾಡಿ ಹೋಟೆಲಿಗೆ ತರಿಸಬಹುದು. ಮಧ್ಯಾಹ್ನ, ರಾತ್ರಿ ಕೌಂಟರ್ ಊಟ: ನಿಮಗೆ, ನಿಮ್ಮ ಹೆಂಡತಿಗೆ, ಮಗಳಿಗೆ ತಲಾ 15 ಡಾಲರ್ ಹಿಡಿಯಿರಿ, ಮಗನಿಗೆ 9. ಅಪ್ಪ-ಅವ್ವ ಒಂದೊಂದು ಹೊತ್ತು ಒಂದೇ ಪ್ಲೇಟ್ ಹಂಚಿಕೊಳ್ಳುತ್ತಾರೆ, ಅಲ್ಲಿಯ ಪ್ಲೇಟ್ ದೊಡ್ಡದು. ಮೇಲೆ ನಾಲ್ಕು ಜನಕ್ಕೆ ಐಸ್‌ಕ್ರೀಮೋ ಪಾಪ್‌ಕಾರ್ನೋ. ಎಲ್ಲ ಕೂಡಿದರೆ 166 ಡಾಲರ್, ಆರೂವರೆ ಪರ್ಸೆಂಟ್ ಟ್ಯಾಕ್ಸ್ ಸೇರಿ 177. ನಾಲ್ಕು ದಿನಕ್ಕೆ 708. ದಿನಸಿಗೆ ಇನ್ನೊಂದು 60-70 ಹಾಕಿ. ಆದರೂ 1,235 ಎಲ್ಲಿ, ಇದು ಎಲ್ಲಿ?

ಮಕ್ಕಳಿಗೆ ಮಿಕ್ಕಿ ಮೌಸ್ ಟೇಬಲ್ಲಿಗೇ ಬಂದು ಮಾತಾಡಿಸಬೇಕು ಅಂತ ಆಸೆ ಇರುತ್ತದೆ, ಸಹಜ. ಷೆಫ್ ಮಿಕ್ಕೀಸ್ ಅಂತ ಒಂದು ಬಫೆ ಇದೆ, ಅಲ್ಲಿ ಅದೇ ಆಕರ್ಷಣೆ. ರಾತ್ರಿ ಊಟಕ್ಕೆ ದೊಡ್ಡವರಿಗೆ ಸುಮಾರು 66, ಮಕ್ಕಳಿಗೆ 42 ಡಾಲರ್ ಹಿಡಿಯಿರಿ. ನೀವು ನಾಲ್ವರು ಒಂದು ರಾತ್ರಿ ದುಡ್ಡು ಕೊಟ್ಟೇ ಹೋಗಿ. ಟ್ಯಾಕ್ಸ್, ಟಿಪ್ಸ್ ಸೇರಿ ಸುಮಾರು 300 ಡಾಲರ್ ಆಗುತ್ತದೆ. ಅದನ್ನು ಕೂಡಿಸಿದರೂ ನಿಮ್ಮ ಒಟ್ಟು ಖರ್ಚು ಕ್ವಿಕ್ ಸರ್ವೀಸ್ ಪ್ಲಾನ್‌ಗಿಂತ ಕಡಿಮೆಯೇ. ಆ ಪ್ಲಾನ್‌ನಲ್ಲಿ ಮಿಕ್ಕಿ ಊಟ ಬರುವುದೂ ಇಲ್ಲ, ಅದು ದೊಡ್ಡ ಪ್ಲಾನ್‌ನವರಿಗೆ. ಅಂಥ ಟೇಬಲ್ಲುಗಳನ್ನು 60 ದಿನ ಮೊದಲೇ ಬುಕ್ ಮಾಡಲು ಬಿಡುತ್ತಾರೆ, ಬೇಗ ತುಂಬುತ್ತವೆ. ಪ್ಲಾನ್ ಇದೆ ಅಂದ ಮಾತ್ರಕ್ಕೆ ಟೇಬಲ್ ಸಿಗುವುದಿಲ್ಲ. ತಂಗಿಗೆ ಈ ತಾರೀಖು ಬರೆದಿಟ್ಟುಕೊಳ್ಳಲು ಹೇಳಿ.

ಅಪ್ಪ-ಅವ್ವನ ವಿಷಯ ಇನ್ನೂ ಸ್ವಲ್ಪ ಇದೆ. ನಮ್ಮ ಅವ್ವನಿಗೆ ಸೋಮವಾರ ಒಪ್ಪತ್ತು. ಪ್ಲಾನ್‌ಗೆ ಒಪ್ಪತ್ತು ಗೊತ್ತಿಲ್ಲ, ಅದು ಎರಡು ಊಟದ ದುಡ್ಡು ತೆಗೆದುಕೊಂಡೇ ತೀರುತ್ತದೆ. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದು ಪೂರ್ತಿ ಸಸ್ಯಾಹಾರ, ಹಾಲು ಮೊಟ್ಟೆ ಕೂಡ ಇರುವುದಿಲ್ಲ. ಆ ಗುರುತು ಇಲ್ಲದ್ದನ್ನು ಕೇಳಿಯೇ ತೆಗೆದುಕೊಳ್ಳಿ, ಅನ್ನ ಮತ್ತು ಸೂಪಿಗೆ ಮಾಂಸದ ಸ್ಟಾಕ್ ಹಾಕಿರಬಹುದು. ಒಂದು ಜಾಗಕ್ಕೆ ಮಾತ್ರ ಅವರನ್ನು ಖಂಡಿತ ಕರೆದುಕೊಂಡು ಹೋಗಿ: ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿ ಹೋಟೆಲಿನಲ್ಲಿರುವ ಸನಾ ರೆಸ್ಟೋರೆಂಟ್. ಆಫ್ರಿಕಾದ ಅಡುಗೆಗೆ ನಮ್ಮ ದೇಶದ ಮಸಾಲೆ ಸೇರಿಸುತ್ತಾರೆ. ನಾನ್‌ಗಳ ಒಂದು ತಟ್ಟೆ ಬರುತ್ತದೆ, ಜೊತೆಗೆ ಚಟ್ನಿ, ರಾಯ್ತ, ಉಪ್ಪಿನಕಾಯಿ ಸಾಲಾಗಿ. ಕಿಟಕಿಯ ಆಚೆ ಜಿರಾಫೆ ಓಡಾಡುತ್ತವೆ. ಹಂಚಿಕೊಂಡು ತಿನ್ನುವ ತಟ್ಟೆ ಅದು, ಅಂಥ ಊಟಕ್ಕೆ ಪ್ಲಾನ್‌ಗಿಂತ ಕೈಯಿಂದ ದುಡ್ಡು ಕೊಡುವುದೇ ಲಾಭ.

ಉಳಿದ ಹೊತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಸಾಕು. ವಂಡರ್‌ಲಾದಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಲ್ವಾ, ಡಿಸ್ನಿ ವರ್ಲ್ಡ್‌ನಲ್ಲಿ ಬಿಡುತ್ತಾರೆ. ಗಾಜಿನ ಡಬ್ಬಿ, ಮದ್ಯ ಬೇಡ, ಅಷ್ಟೇ. ಈ ಒಂದು ನಿಯಮ ಗೊತ್ತಿದ್ದರೆ ಪ್ಲಾನ್‌ನ ಅರ್ಧ ಆಸೆ ಹೋಗುತ್ತದೆ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಇಳಿದಾಗ ತಿನಿಸು ತಂದಿದ್ದೇವೆ ಅಂತ ಮಾತ್ರ ಮರೆಯದೆ ಹೇಳಿ. ಹೇಳಿದರೆ ತೊಂದರೆ ಇಲ್ಲ, ಬಚ್ಚಿಟ್ಟರೆ ದಂಡ.

ಇಷ್ಟೆಲ್ಲ ಹೇಳಿದರೂ ಪ್ಲಾನ್ ಪರವಾಗಿ ಒಂದು ಗಟ್ಟಿ ಮಾತು ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಹಿರಿಯರು ಅಲ್ಲಿ ಪ್ರತಿಯೊಂದನ್ನೂ 90ರಿಂದ ಗುಣಿಸುತ್ತಾರೆ. ಒಂದು ಐಸ್‌ಕ್ರೀಮಿಗೆ ಆರುನೂರು ರೂಪಾಯಿನಾ, ಆ ದುಡ್ಡಲ್ಲಿ ಇಡೀ ಓಣಿಗೆ ಒಗ್ಗರಣಿ ಮಿರ್ಚಿ ತಿನ್ನಿಸಬಹುದು ಅಂತ ಬಾಯಿ ಬಿಟ್ಟೇ ಹೇಳುತ್ತಾರೆ. ಹೇಳಿ ಸುಮ್ನೆ ಆದರೆ ಪರವಾಗಿಲ್ಲ, ತಿನ್ನುವುದನ್ನೇ ಬಿಡುತ್ತಾರೆ. ಬಿಸಿಲಲ್ಲಿ ಹೊಟ್ಟೆ ಖಾಲಿ ಇಟ್ಟುಕೊಂಡು ನಡೆಯುತ್ತಾರೆ. ಮೊದಲೇ ಕಟ್ಟಿದ್ದೇವೆ ಅಂದರೆ ಆ ಸಂಕಟ ಇರುವುದಿಲ್ಲ, ನೆಮ್ಮದಿಯಾಗಿ ಉಣ್ಣುತ್ತಾರೆ. ಇದಕ್ಕೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ.

ಆದರೆ ಅದಕ್ಕೆ ಸುಮಾರು 460 ಡಾಲರ್ ಜಾಸ್ತಿ ಯಾಕೆ ಕೊಡಬೇಕು? ಡಿಸ್ನಿ ಗಿಫ್ಟ್ ಕಾರ್ಡ್ ಅಂತ ಸಿಗುತ್ತದೆ. ಅಮೆರಿಕದ ದೊಡ್ಡ ಅಂಗಡಿಗಳಲ್ಲೆಲ್ಲ ಇಟ್ಟಿರುತ್ತಾರೆ. ಟಾರ್ಗೆಟ್ ಅಂಗಡಿಯ ಕಾರ್ಡ್ ತಂಗಿಯ ಹತ್ತಿರ ಇದ್ದರೆ 5 ಪರ್ಸೆಂಟ್ ಕಡಿಮೆಗೆ ಬರುತ್ತದೆ. ಪಾರ್ಕಿನ ಊಟಕ್ಕೂ ಹೋಟೆಲಿನ ಊಟಕ್ಕೂ ನಡೆಯುತ್ತದೆ, ಅವಧಿ ಮುಗಿಯುವುದಿಲ್ಲ, ಉಳಿದರೆ ಆಟಿಕೆಗೂ ಬಳಸಬಹುದು. ಒಂದು ಕಾರ್ಡಿಗೆ ದುಡ್ಡು ತುಂಬಿಸಿ ಅಪ್ಪನ ಕೈಗೆ ಕೊಡಿ. "ಅಪ್ಪಾ, ಇದಕ್ಕೆ ದುಡ್ಡು ಕಟ್ಟಿ ಆಗಿದೆ, ನೀವು ಖರ್ಚು ಮಾಡಿದಷ್ಟೂ ಲಾಭ" ಅನ್ನಿ. ಹೀಗೆ ಕಾರ್ಡ್ ಕೈಗೆ ಬಂದ ಮೇಲೆ ನಮ್ಮ ಅವ್ವ ಬೇರೆಯವರಿಗೂ ತಿನಿಸು ಕೊಡಿಸಲು ಶುರು ಮಾಡಿದರು.

ಹಾಗಾದರೆ ಪ್ಲಾನ್ ಯಾರಿಗೂ ಬೇಡವಾ? ಹಾಗೇನಿಲ್ಲ. 3ರಿಂದ 9 ವರ್ಷದೊಳಗಿನ ಮಕ್ಕಳು ಇಬ್ಬರು ಮೂವರು ಇದ್ದು, ದಿನಕ್ಕೊಂದು ಮಿಕ್ಕಿ ಊಟ ಬೇಕು ಅನ್ನುವವರಿಗೆ ದೊಡ್ಡ ಪ್ಲಾನ್ ಗಿಟ್ಟುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ, ಮಗುವಿನ ಬಫೆ ಒಂದೇ 42, ಇಡೀ ದಿನದ ಪ್ಲಾನ್ 29.69. 2026ಕ್ಕೆ ಪ್ಯಾಕೇಜ್ ಜೊತೆ ದೊಡ್ಡವರು ಪ್ಲಾನ್ ಕೊಂಡರೆ ಆ ವಯಸ್ಸಿನ ಮಕ್ಕಳಿಗೆ ಪ್ಲಾನ್ ಉಚಿತ ಅಂತಲೂ ಡಿಸ್ನಿ ಹೇಳಿದೆ. ನಿಮಗೆ ಅದರಿಂದ ಉಳಿಯುವುದು 5 ವರ್ಷದವನ ಪಾಲು ಮಾತ್ರ, ಕ್ವಿಕ್ ಸರ್ವೀಸ್‌ನಲ್ಲಿ 95 ಡಾಲರ್. ಉಚಿತ ಅನ್ನುವ ಶಬ್ದಕ್ಕೆ ಮರುಳಾಗಬೇಡಿ.

ಮಕ್ಕಳ ತಾಯಿಗೆ ಇಷ್ಟಾದರೂ ಪ್ಲಾನ್ ಬೇಕೇ ಬೇಕು ಅನ್ನಿಸಿದರೆ ಒಂದು ದಾರಿ ಇದೆ. ಒಂದೇ ಬುಕಿಂಗ್‌ನಲ್ಲಿರುವ ಎಲ್ಲರೂ ಒಂದೇ ಪ್ಲಾನ್ ಕೊಳ್ಳಬೇಕು ಅನ್ನುವುದು ನಿಯಮ. ಆರು ಜನಕ್ಕೆ ಸಾಮಾನ್ಯವಾಗಿ ಎರಡು ರೂಮು ಬೇಕು, ಹೆಚ್ಚಿನ ರೂಮುಗಳಿಗೆ ನಾಲ್ಕೇ ಜನ. ಎರಡನ್ನೂ ಬೇರೆ ಬೇರೆ ಬುಕಿಂಗ್ ಮಾಡಿಸಿ. ಅಪ್ಪ-ಅವ್ವನ ರೂಮು ಪ್ಲಾನ್ ಇಲ್ಲದೆ, ನಿಮ್ಮದು ಪ್ಲಾನ್ ಜೊತೆ. ಅಕ್ಕಪಕ್ಕ ರೂಮು ಬೇಕು ಅಂತ ಆಗಲೇ ಕೇಳಿಕೊಳ್ಳಿ.

ತಂಗಿಗೆ ಪ್ಲಾನ್ ಸೇರಿಸಿ ಒಂದು, ಸೇರಿಸದೆ ಒಂದು, ಎರಡು ಕೊಟೇಶನ್ ತೆಗೆಯಲು ಹೇಳಿ. ಎರಡರ ನಡುವಿನ ಅಂತರ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಿಮ್ಮ ತಾರೀಖಿನ ದರ ಹಾಕಿ ಇನ್ನೊಮ್ಮೆ ಕೂಡಿ ನೋಡುತ್ತೇನೆ.