ಪೋರ್ಟ್ ಆಫ್ ಸ್ಪೇನ್‌ನಲ್ಲಿ ಶನಿವಾರ ರಾತ್ರಿ ಏನು ಮಾಡೋದು?

ನಿನ್ನ ಪ್ರಶ್ನೆ ಓದಿದೆ ತಮ್ಮಾ. ಎರಡು ವರ್ಷದ ಕೆಲಸಕ್ಕೆ ದಾವಣಗೆರೆಯಿಂದ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ಗೆ ಬರುತ್ತಿದ್ದೀಯ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಬಾರು, ಕ್ಲಬ್ಬು ಹೇಗೆ, ಕುಡಿಯದ, ಮಾಂಸ ತಿನ್ನದ ಹುಡುಗನಿಗೆ ಅಲ್ಲೇನಾದರೂ ಇದೆಯಾ, ರಾತ್ರಿ ಓಡಾಡಬಹುದಾ ಅಂತ ಕೇಳಿದ್ದೀಯ. ನಾನು ಇಲ್ಲಿಗೆ ಬಂದು 14 ವರ್ಷ ಆಯಿತು. ವಯಸ್ಸಿನಲ್ಲಿ ದೊಡ್ಡವನು, ಅದಕ್ಕೇ ಏಕವಚನ. ಬೇಜಾರು ಮಾಡ್ಕೋಬೇಡ.

ಮೊದಲು ಒಂದು ಪದ ಕಲಿತುಕೋ: ಲೈಮ್. ನಿಂಬೆಹಣ್ಣಲ್ಲ. ನಾಲ್ಕು ಜನ ಸೇರಿ, ಏನೂ ಕೆಲಸವಿಲ್ಲದೆ, ಸುಮ್ನೆ ಹರಟುತ್ತಾ ಹೊತ್ತು ಕಳೆದರೆ ಅದು ಲೈಮ್. ನಮ್ಮ ಕಟ್ಟೆ ಹರಟೆಯೇ. ಕೈಯಲ್ಲಿ ಟೀ ಬದಲು ಕ್ಯಾರಿಬ್ ಇಲ್ಲವೇ ಸ್ಟ್ಯಾಗ್ ಬಿಯರ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಈ ಊರಿನ ರಾತ್ರಿ ಅಂದರೆ ಇದೇ. ಕ್ಲಬ್ ಏನಿದ್ದರೂ ಆಮೇಲೆ.

ಇದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಬಂದ ಹೊಸದರಲ್ಲಿ ಒಂದು ಕ್ಲಬ್‌ಗೆ ಹೋದರೆ, ಚಪ್ಪಲಿ ನೋಡಿ ಬಾಗಿಲಲ್ಲೇ ವಾಪಸ್ ಕಳಿಸಿದರು. ಮುಂದಿನ ವಾರ ಶೂಗೆ ಪಾಲಿಶ್ ಹೊಡೆದು ಹೋದೆ. ಪಾರ್ಟಿ 9ಕ್ಕೆ ಅಂತ ಹಾಕಿದ್ದರು, ನಾನು ಸರಿಯಾಗಿ 9ಕ್ಕೆ ಹಾಜರ್. ಒಳಗೆ ನಾನು, ಬಾರ್‌ನವನು, ಐಸ್ ಚೀಲ ಹೊರುತ್ತಿದ್ದ ಒಬ್ಬ ಹುಡುಗ. ಜನ ಬಂದಿದ್ದು 12ರ ಮೇಲೆ. ಅಷ್ಟರಲ್ಲಿ ನಾನು ಮೂಲೆಯ ಸೋಫಾದಲ್ಲಿ ತೂಕಡಿಸುತ್ತಿದ್ದೆ. ಕ್ಲಬ್‌ಗಳ ಹೆಸರು ಹೇಳಲ್ಲ. ನಾನು ಬಂದಾಗ ಇದ್ದವು ಎಷ್ಟೋ ಮುಚ್ಚಿ, ಹೆಸರು ಬದಲಾಗಿ, ಮತ್ತೆ ತೆರೆದಿವೆ.

ಜಾಗದ ಹೆಸರು ಹೇಳುತ್ತೇನೆ. ವುಡ್‌ಬ್ರೂಕ್ ಬಡಾವಣೆಯಲ್ಲಿ ಅರಿಯಾಪಿಟಾ ಅವೆನ್ಯೂ ಅನ್ನುವ ರಸ್ತೆ ಇದೆ. ಎಲ್ಲರೂ 'ಅವೆನ್ಯೂ' ಅಂತಲೇ ಅನ್ನುತ್ತಾರೆ. ಹಿಂದೆ ಜನ ವಾಸವಿದ್ದ ಮನೆಗಳೇ ಈಗ ಬಾರು, ಹೋಟೆಲು. ಶುಕ್ರವಾರ ಆಫೀಸು ಬಿಟ್ಟವರು ಕತ್ತಿನ ಐಡಿ ಕಾರ್ಡೂ ತೆಗೆಯದೆ ನೇರ ಇಲ್ಲಿಗೆ ಬರುತ್ತಾರೆ. ದುಡ್ಡು ಸ್ವಲ್ಪ ಜಾಸ್ತಿ.

ನನಗೆ ಹೆಚ್ಚು ಇಷ್ಟ ಸೇಂಟ್ ಜೇಮ್ಸ್. ವೆಸ್ಟರ್ನ್ ಮೇನ್ ರೋಡ್‌ನಲ್ಲಿ ಸಣ್ಣ ಸಣ್ಣ ಬಾರು, ರಮ್ ಅಂಗಡಿ, ತಿಂಡಿ ಗಾಡಿ. ಪಕ್ಕದ ಬೀದಿಗಳ ಹೆಸರು ನೋಡು: ಬಾಂಬೆ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್, ಕಲ್ಕತ್ತಾ ಸ್ಟ್ರೀಟ್, ಡೆಲ್ಲಿ ಸ್ಟ್ರೀಟ್. 1845ರಿಂದ 1917ರವರೆಗೆ ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ಸುಮಾರು 1 ಲಕ್ಷ 40 ಸಾವಿರ ಜನ ಭಾರತದಿಂದ ಹಡಗಿನಲ್ಲಿ ಬಂದರು. ಅವರ ಗುರುತು ಇವು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಹಾಗಾಗಿ ನಿನ್ನ ಮುಖ ನೋಡಿ ಯಾರೂ ಹೊರಗಿನವನು ಅಂದುಕೊಳ್ಳಲ್ಲ. ನನ್ನನ್ನೂ ಒಬ್ಬ 'ನೀನು ಸೌತ್‌ನವನಾ?' ಅಂತ ಕೇಳಿದ. ಪರವಾಗಿಲ್ವೇ, ಕರ್ನಾಟಕ ಗೊತ್ತಲ್ಲ ಇವನಿಗೆ ಅಂತ ಖುಷಿಯಿಂದ ಹೌದು ಅಂದೆ. ಅವನು ಕೇಳಿದ್ದು ಇದೇ ದ್ವೀಪದ ದಕ್ಷಿಣ, ಸ್ಯಾನ್ ಫರ್ನಾಂಡೋ ಕಡೆ. ಹತ್ತು ನಿಮಿಷ ಯಾವ ಊರು, ಯಾರ ಮನೆ ಅಂತ ಕೇಳಿ ಕೇಳಿ ಸುಸ್ತಾದ, ಪಾಪ.

ಊಟದ ಚಿಂತೆ ಬಿಡು. ಡಬಲ್ಸ್ ಇದೆ. ಅರಿಸಿನ ಹಾಕಿದ ಮೆತ್ತನೆಯ ಎರಡು ಬಾರಾ, ಅಂದರೆ ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿ, ಮೇಲೆ ಬೆಂದ ಕಾಬೂಲಿ ಕಡಲೆ, ಹುಣಸೆ ಚಟ್ನಿ, ಸೌತೆಕಾಯಿ, ಖಾರ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಗಾಡಿ ಪಕ್ಕ ನಿಂತೇ ತಿನ್ನಬೇಕು, ರಸ ಮೊಣಕೈವರೆಗೂ ಇಳಿಯುತ್ತದೆ. ಖಾರ ಎಷ್ಟು ಅಂತ ಕೇಳಿದಾಗ 'ಸ್ಲೈಟ್' ಅನ್ನು, ಅಂದರೆ ಚೂರೇ ಚೂರು. ನಾವು ಬ್ಯಾಡಗಿ ಮೆಣಸಿನಕಾಯಿ ನಾಡಿನವರು ಅಂತ ಜಂಭ ಬೇಡ. ಇಲ್ಲಿಯ ಮೆಣಸಿನಕಾಯಿ ಬೇರೆಯೇ ಜಾತಿ. ಕಾರ್ನ್ ಸೂಪ್ ಮಾತ್ರ ಕೇಳಿ ತಗೋ, ಕೆಲವರು ಹಂದಿ ಬಾಲ ಹಾಕಿರುತ್ತಾರೆ.

ಕುಡಿಯಲ್ಲ ಅಂದರೆ ಯಾರೂ ಬಲವಂತ ಮಾಡಲ್ಲ. ಎಳನೀರು ಸಿಗುತ್ತದೆ, ಮೌಬಿ ಅನ್ನುವ ತೊಗಟೆಯ ಕಹಿ ಪಾನಕ ಸಿಗುತ್ತದೆ. ಒಗ್ಗರಣೆ ಸೀದಂತೆ ಅನಿಸಿತು ನನಗೆ, ನೀನೂ ಒಂದು ಸಲ ನೋಡು. ಬಾರ್‌ನಲ್ಲಿ ಎಲ್‌ಎಲ್‌ಬಿ (ವಕೀಲಿಕೆಯದ್ದಲ್ಲ, ಲೆಮನ್ ಲೈಮ್ ಬಿಟರ್ಸ್) ಕೇಳಿದರೆ ನಿಂಬೆ ಸೋಡಾದಂಥದ್ದು ಕೊಡುತ್ತಾರೆ. ಅದಕ್ಕೆ ಹಾಕುವ ಅಂಗೋಸ್ತುರಾ ಬಿಟರ್ಸ್ ಅನ್ನುವ ಕಹಿ ದ್ರವದಲ್ಲಿ ಆಲ್ಕೋಹಾಲ್ ಇದೆ. ನಾಲ್ಕು ಹನಿ ಅಷ್ಟೇ ಬೀಳೋದು, ಆದರೂ ನೀನು ಕಟ್ಟುನಿಟ್ಟಿನವನಾದರೆ ಗೊತ್ತಿರಲಿ. ಯಾರಾದರೂ ಪಂಚನ್ ರಮ್ ಅಂತ ಚಿಕ್ಕ ಗ್ಲಾಸು ಮುಂದೆ ಇಟ್ಟರೆ ಮುಟ್ಟಲೇಬೇಡ. ಅದು ಶೇಕಡಾ 75 ಆಲ್ಕೋಹಾಲ್.

ನೀನು ಜನವರಿಯಲ್ಲಿ ಬಂದರೆ ಅದೃಷ್ಟ. ಇಲ್ಲಿಯ ದೊಡ್ಡ ಹಬ್ಬ ಕಾರ್ನಿವಲ್‌ಗೆ ಮುಂಚಿನ ವಾರಗಳಲ್ಲಿ ಪ್ಯಾನ್‌ಯಾರ್ಡ್‌ಗೆ ಹೋಗು, ಅಂದರೆ ಸ್ಟೀಲ್‌ಪ್ಯಾನ್ ಬ್ಯಾಂಡ್‌ಗಳು ಅಭ್ಯಾಸ ಮಾಡುವ ಅಂಗಳಕ್ಕೆ. ಎಣ್ಣೆ ಡ್ರಮ್ಮಿನಿಂದ ಮಾಡುವ ಸ್ಟೀಲ್‌ಪ್ಯಾನ್ ವಾದ್ಯ ಹುಟ್ಟಿದ್ದೇ ಈ ದೇಶದಲ್ಲಿ. 1963ರಿಂದ ಪನೋರಮಾ ಅಂತ ಸ್ಪರ್ಧೆ ನಡೆಯುತ್ತಿದೆ, ದೊಡ್ಡ ಬ್ಯಾಂಡ್‌ನಲ್ಲಿ ನೂರಕ್ಕೂ ಹೆಚ್ಚು ಜನ. ವುಡ್‌ಬ್ರೂಕ್‌ನಲ್ಲಿ ಫೇಸ್ ಟು, ಡ್ಯೂಕ್ ಸ್ಟ್ರೀಟ್‌ನಲ್ಲಿ ಆಲ್ ಸ್ಟಾರ್ಸ್ ಬ್ಯಾಂಡ್‌ಗಳು ಅಭ್ಯಾಸ ಮಾಡುತ್ತವೆ. ರಾತ್ರಿ 11 ಗಂಟೆ. ಒಂದು ತುಣುಕನ್ನೇ ಇಪ್ಪತ್ತು ಸಲ ಬಾರಿಸಿ, ತಪ್ಪಿದ ಕಡೆ ನಿಲ್ಲಿಸಿ, ಮತ್ತೆ ಮೊದಲಿಂದ. ಬ್ಯಾಂಕಿನಲ್ಲಿ ಕೂರುವ ಹೆಂಗಸು, ಅವಳ ಪಕ್ಕ ಹೈಸ್ಕೂಲು ಹುಡುಗ, ಇಬ್ಬರ ಕೈಯಲ್ಲೂ ತುದಿಗೆ ರಬ್ಬರ್ ಸುತ್ತಿದ ಕೋಲು. ಎಲ್ಲರೂ ಒಟ್ಟಿಗೆ ಬಾರಿಸಿದಾಗ ಎದೆಯೊಳಗೇ ಯಾರೋ ಬಡಿದಂತಾಗುತ್ತದೆ. ನನ್ನ ಮಟ್ಟಿಗೆ ಈ ಊರಿನ ರಾತ್ರಿಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಅದೇ ಹೊತ್ತಲ್ಲಿ ಫೆಟ್‌ಗಳೂ ನಡೆಯುತ್ತವೆ, ಅಂದರೆ ಸೋಕಾ ಅನ್ನುವ ಇಲ್ಲಿಯ ಕುಣಿತದ ಸಂಗೀತದ ಪಾರ್ಟಿ. ಊಟ, ಕುಡಿತ ಎಲ್ಲ ಸೇರಿದ್ದಕ್ಕೆ ಟಿಕೆಟ್ ಸಾವಿರ ಟಿಟಿ ಡಾಲರ್ (ಇಲ್ಲಿಯ ದುಡ್ಡು) ದಾಟುತ್ತದೆ. ನಿನ್ನಂಥವನಿಗೆ ಸುಮ್ನೆ ದಂಡ. ನಮ್ಮ ಪಾನೀಯ ನಾವೇ ಐಸ್ ಡಬ್ಬಿಯಲ್ಲಿ ಒಯ್ಯುವ ಕೂಲರ್ ಫೆಟ್ ವಾಸಿ. ಅಲ್ಲಿ ಸೊಂಟ ಕುಣಿಸುವುದಕ್ಕೆ ವೈನಿಂಗ್ ಅನ್ನುತ್ತಾರೆ. ಪರಿಚಯವಿಲ್ಲದವರೂ ಜೊತೆಗೆ ಕುಣಿಯುತ್ತಾರೆ, ಅದಕ್ಕೆ ಬೇರೆ ಅರ್ಥ ಕಟ್ಟಬೇಡ. ಆಕೆ ಪಕ್ಕಕ್ಕೆ ಸರಿದರೆ ನೀನೂ ಸರಿ.

ಇನ್ನು ಭಯದ ವಿಷಯ. ಮುಚ್ಚಿಡಲ್ಲ, ಇಲ್ಲಿ ಬಂದೂಕಿನ ಅಪರಾಧ ಇದೆ. 2024ರ ಕೊನೆಗೆ ಸರ್ಕಾರ ತುರ್ತು ಪರಿಸ್ಥಿತಿಯನ್ನೇ ಘೋಷಿಸಿತ್ತು. ಒಬ್ಬನೇ ನಡೆದುಕೊಂಡು ಮನೆಗೆ ಹೋಗಬೇಡ, ಹತ್ತೇ ನಿಮಿಷದ ದಾರಿ ಆದರೂ ಸರಿ. ಟ್ಯಾಕ್ಸಿ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತದೆ. 'ಪಿ' ಅಂದರೆ ಖಾಸಗಿ ಕಾರು, ರಾತ್ರಿ ಅದರಲ್ಲಿ ಬಾಡಿಗೆಗೆ ಹತ್ತಬೇಡ. ಕಾರಿನ ಸೀಟಿನ ಮೇಲೆ ಬ್ಯಾಗ್ ಬಿಡಬೇಡ. ನಾನು ಒಂದು ಲ್ಯಾಪ್‌ಟಾಪ್ ಕಳೆದುಕೊಂಡು ಕಲಿತ ಪಾಠ. ಮಿಲಿಟರಿ ಬಣ್ಣದ ಪ್ಯಾಂಟು, ಟೋಪಿ ಊರಲ್ಲೇ ಬಿಟ್ಟು ಬಾ. ಇಲ್ಲಿ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ.

ಅಮ್ಮನಿಗೆ ಈಗಲೇ ಹೇಳಿಡು, ಇಲ್ಲಿಯ ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ. ನಿನ್ನ ಶುಕ್ರವಾರ ರಾತ್ರಿ 10 ಅಂದರೆ ಅವರಿಗೆ ಶನಿವಾರ ಬೆಳಿಗ್ಗೆ ಏಳೂವರೆ, ಕಾಫಿ ಹೊತ್ತು. ಲೈಮ್ ಮಧ್ಯೆ ಫೋನ್ ಬರುತ್ತದೆ, 'ಏನೋ ಅದು ಗಲಾಟೆ?' ಅಂತ ಕೇಳುತ್ತಾರೆ.

ಬಂದ ಮೊದಲ ಶುಕ್ರವಾರ ನನಗೆ ಮೆಸೇಜ್ ಹಾಕು, ಸೇಂಟ್ ಜೇಮ್ಸ್‌ನಲ್ಲಿ ಸಿಗೋಣ. ನಮ್ಮ ಗುಂಪಿನವರು ಆರಕ್ಕೆ ಅನ್ನುತ್ತಾರೆ. ನೀನು ಏಳೂವರೆಗೆ ಬಾ.