ಕಂಪ್ಯೂಟರ್ ಕಟ್ಟಿದ ಗೆಲಾಕ್ಸಿಯನ್ನು ನಂಬಬಹುದೇ?

ಪ್ರಶ್ನೆ: ಜವಾಹರಲಾಲ್ ನೆಹರು ತಾರಾಲಯದಲ್ಲಿ ಉಪನ್ಯಾಸ ಕೇಳಲು ಹೋಗಿದ್ದೆ. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಗುಂಪುಗೂಡಿ ಗೆಲಾಕ್ಸಿಗಳು ಹುಟ್ಟುವುದನ್ನು ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ತೋರಿಸಿದರು. ಅದು ನಿಜವೋ, ಬರೀ ಲೆಕ್ಕದ ಆಟವೋ ಎಂದು ಹೇಗೆ ತಿಳಿಯುತ್ತದೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಮಗೂ, ಎಂ.ಎಸ್ಸಿ. ಓದುವಾಗ ನಾನು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗುರುತ್ವದಿಂದ ಒಂದನ್ನೊಂದು ಎಳೆಯುವ ನೂರು ಕಣಗಳ ಒಂದು ಗುಂಪನ್ನು ರಾತ್ರಿಯಿಡೀ ಓಡಿಸಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಕಣ ಗುಂಪು ಬಿಟ್ಟು ಹಾರಿಹೋಗಿದ್ದವು. ಏನೋ ಕಂಡುಹಿಡಿದೆ ಎಂದು ಹಿಗ್ಗಿದೆ. ಒಟ್ಟು ಶಕ್ತಿ ಕೂಡಿಸಿದರೆ ಮೊದಲಿಗಿಂತ ಜಾಸ್ತಿ ಬಂತು! ಶಕ್ತಿ ಸುಮ್ಮನೆ ಹುಟ್ಟುವುದಿಲ್ಲವಲ್ಲ. ಆ ಎರಡು ಕಣ ತೀರಾ ಹತ್ತಿರ ಬಂದ ಗಳಿಗೆಗೆ ನಾನಿಟ್ಟ ಕಾಲದ ಹೆಜ್ಜೆ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಕಂಪ್ಯೂಟರ್ ದಾಟುವ ಸಮಯ) ದೊಡ್ಡದಾಗಿತ್ತು, ಅಷ್ಟೇ.

ದೊಡ್ಡ ಸಿಮ್ಯುಲೇಶನ್‌ಗಳಿಗೂ ಇದೇ ಕಾಟ. 2005ರ ಮಿಲೆನಿಯಮ್ ಸಿಮ್ಯುಲೇಶನ್‌ನಲ್ಲಿ 1000 ಕೋಟಿಗೂ ಹೆಚ್ಚು ಕಣಗಳಿದ್ದವು. ಆದರೆ ಒಂದೊಂದು ಕಣದ ತೂಕವೂ 100 ಕೋಟಿ ಸೂರ್ಯರಿಗಿಂತ ಹೆಚ್ಚು! ನಿಜವಾದ ಡಾರ್ಕ್ ಮ್ಯಾಟರ್ ಇಂಥ ಗುಂಡುಕಲ್ಲುಗಳಲ್ಲ. ಈ ಗುಂಡುಗಳು ಹತ್ತಿರ ಬಂದು ಒಂದನ್ನೊಂದು ಎಸೆದಾಡದಿರಲಿ ಎಂದು ಕಡಿಮೆ ದೂರದಲ್ಲಿ ಗುರುತ್ವವನ್ನು ಬೇಕೆಂದೇ ಸಡಿಲಿಸುತ್ತಾರೆ. ಇದಕ್ಕೆ ಸಾಫ್ಟನಿಂಗ್ ಎನ್ನುತ್ತಾರೆ. ಮಿಲೆನಿಯಮ್‌ನಲ್ಲಿ ಆ ದೂರ ಸುಮಾರು 22 ಸಾವಿರ ಜ್ಯೋತಿರ್ವರ್ಷ. ನಮ್ಮ ಸೂರ್ಯ ಆಕಾಶಗಂಗೆಯ ಕೇಂದ್ರದಿಂದ ಇರುವುದೇ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ. ಹಾಗಾಗಿ ಗೆಲಾಕ್ಸಿಯ ಒಳಭಾಗದ ಬಗ್ಗೆ ಅದನ್ನು ಕೇಳಲೇಬಾರದು. ಗೆಲಾಕ್ಸಿಗಳು ಬಲೆಯಂತೆ ಹೆಣೆದುಕೊಂಡಿರುವುದನ್ನು ಕೇಳು, ಧೈರ್ಯವಾಗಿ ನಂಬುತ್ತೇನೆ. ಬೇರೆ ಬೇರೆಯವರು ಬರೆದ ಪ್ರೋಗ್ರಾಮುಗಳೂ ಅದನ್ನೇ ತೋರಿಸುತ್ತವೆ.

ಕಣಗಳನ್ನು ಹೆಚ್ಚಿಸಿ ಮತ್ತೆ ಓಡಿಸುವುದು ಮುಖ್ಯ ಪರೀಕ್ಷೆ; ನಿಜವಾದದ್ದು ಕಣಗಳ ಸಂಖ್ಯೆಗೆ ತಕ್ಕಂತೆ ಬದಲಾಗಬಾರದು. ಡಾರ್ಕ್ ಮ್ಯಾಟರ್ ಕಣಗಳು ಹುಟ್ಟುವಾಗ ವೇಗವಾಗಿದ್ದವು ಎಂದಿಟ್ಟುಕೊಂಡ ಸಿಮ್ಯುಲೇಶನ್‌ಗಳಲ್ಲಿ ಆ ಬಲೆಯ ಎಳೆಗಳು ಒಡೆದು, ಮಣಿ ಪೋಣಿಸಿದ ಹಾಗೆ ಸಾಲು ಗಂಟುಗಳು ಕಾಣುತ್ತಿದ್ದವು. ಕಣ ಹೆಚ್ಚಿಸಿದಾಗ ಮಣಿಗಳ ನಡುವಿನ ಅಂತರವೂ ಕಿರಿದಾಯಿತು. ಆ ಮಣಿಗಳು ಆಕಾಶದವಲ್ಲ, ಲೆಕ್ಕದವು ಎಂದು 2007ರಲ್ಲಿ ಖಗೋಳವಿಜ್ಞಾನಿಗಳಾದ ವಾಂಗ್ ಮತ್ತು ವೈಟ್ ತೋರಿಸಿದರು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ 2018ರಲ್ಲಿ ವಾನ್ ಡೆನ್ ಬಾಷ್ ಮತ್ತು ಓಗಿಯಾ ಎಂಬ ಖಗೋಳವಿಜ್ಞಾನಿಗಳು ಮಾಡಿದ ಕೆಲಸ. ದೊಡ್ಡ ಗೆಲಾಕ್ಸಿಯನ್ನು ಸುತ್ತುವ ಸಣ್ಣ ಡಾರ್ಕ್ ಮ್ಯಾಟರ್ ಮುದ್ದೆಗಳು ಸಿಮ್ಯುಲೇಶನ್‌ನಲ್ಲಿ ಚದುರಿ ಮಾಯವಾಗುತ್ತವೆ. ಕಣಗಳು ಕಡಿಮೆಯಾಗಿ, ಸಾಫ್ಟನಿಂಗ್ ಸರಿಹೊಂದದೆ, ಬಹುಪಾಲು ಮುದ್ದೆಗಳು ಸುಳ್ಳೇ ಸಾಯುತ್ತಿವೆ ಎಂದರು ಅವರು. ಆಕಾಶಗಂಗೆಯ ಸುತ್ತ ಎಣಿಸಿದ ಪುಟ್ಟ ಗೆಲಾಕ್ಸಿಗಳನ್ನು ಇಂಥ ಮುದ್ದೆಗಳ ಜೊತೆ ಹೋಲಿಸಿಯೇ ಡಾರ್ಕ್ ಮ್ಯಾಟರ್ ಎಂಥದ್ದೆಂದು ವಾದಿಸುತ್ತೇವೆ. ಅಲ್ಲೇ ಎಣಿಕೆ ತಪ್ಪಿದರೆ ಲೆಕ್ಕದ ತಪ್ಪನ್ನು ಪ್ರಕೃತಿಯ ತಲೆಗೆ ಕಟ್ಟಿದಂತೆ.

ನಿನ್ನ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಇದ್ದರೆ ನೂರು ಕಣ ಸಾಕು. ಚಿತ್ರ ಬಿಡಿಸುವ ಮೊದಲು ಒಟ್ಟು ಶಕ್ತಿಯನ್ನು ಪ್ರತಿ ಹೆಜ್ಜೆಗೂ ಅಚ್ಚುಮಾಡಿಸು. ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸು. ಎರಡೂ ಸಲ ಬಂದದ್ದನ್ನು ನನಗೆ ಬರೆದು ಕಳಿಸು.