ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸದ ಮಗ

ಇದು ಕೋವಿಡ್ ಕಾಲದ, 2020ರ ಅಕ್ಟೋಬರ್‌ನ ಪ್ರಕರಣ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಹೆಸರಂತೂ ಇಟ್ಟೇ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಕುಟುಂಬ. ಮನೆಯಿಂದಲೇ ಕೆಲಸ ಮಾಡುವ ಮಗ, ಸೊಸೆ, ಫೋನಿನಲ್ಲೇ ಪಾಠ ಕೇಳುವ ಮೊಮ್ಮಗ, ಮತ್ತೆ 67 ವರ್ಷದ ಅಮ್ಮ. ಅಮ್ಮನಿಗೆ ಎರಡೂ ಕಣ್ಣಿನಲ್ಲಿ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ, ದೃಷ್ಟಿ ಮೆಲ್ಲಗೆ ಹೋಗುವ ಕಾಯಿಲೆ), ಜೊತೆಗೆ ಶುಗರ್.

ಆಪ್ತಸಲಹೆ ಕೊಡುವ ನನಗೆ ಫೋನ್ ಮಾಡಿದ್ದು ಸೊಸೆ. "ಅತ್ತೆ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು ಅಂತಾರೆ, ಇವರು ಬಿಡಲ್ಲ. ದಿನಾ ಇದೇ ಜಗಳ ಮೇಡಂ" ಅಂದರು. ಆ ದಿನಗಳಲ್ಲಿ ನನಗೆ ಬರುತ್ತಿದ್ದ ಕರೆಗಳಲ್ಲಿ ಸಾಮಾನ್ಯವಾಗಿ ಹಿರಿಯರೇ ಆಸ್ಪತ್ರೆ ಅಂದರೆ ಹೆದರಿ ಕೂತಿರುತ್ತಿದ್ದರು, ಮಕ್ಕಳು ಒಪ್ಪಿಸಿ ಅಂತ ಕೇಳುತ್ತಿದ್ದರು. ಇಲ್ಲಿ ಉಲ್ಟಾ.

ಮಗನ ಹತ್ತಿರ ಮೊದಲು ಮಾತಾಡಿದೆ. ಒಳ್ಳೆಯ ಮನುಷ್ಯ, ಅಮ್ಮ ಅಂದರೆ ಜೀವ. ಆದರೆ ಭಯ ಆ ಮನೆಯನ್ನು ಪೂರ್ತಿ ಹಿಡಿದುಬಿಟ್ಟಿತ್ತು. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ, ತರಕಾರಿಗೆ ಎರಡು ದಿನ ಬಾಲ್ಕನಿಯಲ್ಲಿ ಕ್ವಾರಂಟೈನ್. ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬಂದ ಕೂಡಲೇ ಜಿಲ್ಲಾವಾರು ಸಂಖ್ಯೆಯನ್ನು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ರಾಜ್ಯದಲ್ಲಿ ದಿನಕ್ಕೆ ಹತ್ತು ಸಾವಿರದ ಆಸುಪಾಸು ಕೇಸು ಬರುತ್ತಿದ್ದ ಕಾಲ, ಸುಮ್ನೆ ಹೆದರುತ್ತಿದ್ದಾರೆ ಅಂತ ನಾನು ಹೇಳುವ ಹಾಗೂ ಇರಲಿಲ್ಲ. ಆಫೀಸಿನ ಗೆಳೆಯನೊಬ್ಬನ ತಂದೆ ಆಸ್ಪತ್ರೆಗೆ ಸೇರಿದವರು ವಾಪಸ್ ಬರಲಿಲ್ಲ, ಆ ಗೆಳೆಯನಿಗೆ ಮುಖ ಕೂಡ ನೋಡಲು ಸಿಗಲಿಲ್ಲ. ಇದನ್ನು ಹೇಳುವಾಗ ಇವರ ದನಿ ಬದಲಾಯಿತು. ಆಮೇಲೆ ಗಟ್ಟಿಯಾಗಿ, "ಸರ್ಕಾರವೇ ಹೇಳಿದೆ ಮೇಡಂ, 65 ದಾಟಿದವರು ಹೊರಗೆ ಬರಬಾರದು ಅಂತ" ಅಂದರು.

ಆ ಆದೇಶ ಫೋನಿನಲ್ಲಿ ಇದೆಯಾ ಅಂತ ಕೇಳಿದೆ. ಇತ್ತು. ವಾಕ್ಯವನ್ನು ಪೂರ್ತಿ ಓದಿ ಅಂದೆ. ಅಗತ್ಯ ಕೆಲಸ ಮತ್ತು ಆರೋಗ್ಯದ ಕಾರಣ ಬಿಟ್ಟು ಉಳಿದಂತೆ ಮನೆಯಲ್ಲೇ ಇರಲು ಸಲಹೆ ನೀಡಲಾಗಿದೆ ಅಂತ ಕೇಂದ್ರ ಗೃಹ ಇಲಾಖೆ ಬರೆದಿತ್ತು. ಇವರು ಅರ್ಧ ಮಾತ್ರ ಹಿಡಿದುಕೊಂಡಿದ್ದರು. ಬಹಳ ಮನೆಗಳಲ್ಲಿ ಹೀಗೇ ಆಗಿತ್ತು ಬಿಡಿ.

ಅಮ್ಮನ ಹತ್ತಿರ ಪ್ರತ್ಯೇಕವಾಗಿ ಮಾತಾಡಬೇಕು ಅಂದೆ. ಅವರು ಫೋನ್ ಹಿಡಿದು ಯುಟಿಲಿಟಿಗೆ ಹೋಗಿ ಬಾಗಿಲು ಹಾಕಿಕೊಂಡರು, ಹಿಂದೆ ವಾಷಿಂಗ್ ಮೆಷಿನ್ ಸದ್ದು. ಮೊದಲು "ನಂಗೇನಿಲ್ಲಮ್ಮ, ಚೆನ್ನಾಗಿದೀನಿ" ಅಂದರು. ಡ್ರಾಪ್ಸ್ ಬಾಟಲಿ ಯಾವಾಗ ತೆರೆದಿದ್ದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೌರಿ ಹಬ್ಬಕ್ಕೆ ಮುಂಚೆ" ಅಂದರು. ಗೌರಿ ಹಬ್ಬ ಬಂದಿದ್ದು ಆಗಸ್ಟಿನಲ್ಲಿ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು ಬಳಸುತ್ತಾರೆ. ಇವರು ದಿನ ಬಿಟ್ಟು ದಿನ ಹಾಕಿಕೊಳ್ಳುತ್ತಿದ್ದರು. ಯಾಕೆ ಅಂದರೆ ಮೆಡಿಕಲ್ ಶಾಪಿಗೆ ಹೋಗು ಅಂತ ಮಗನಿಗೆ ಹೇಳಿದಾಗಲೆಲ್ಲ ಅವನು ಯುದ್ಧಕ್ಕೆ ಹೊರಟ ಹಾಗೆ ಹೊರಡುತ್ತಾನೆ, ಬಂದ ಮೇಲೆ ಮುಖ ಸಿಂಡರಿಸಿಕೊಂಡು ಸ್ನಾನ ಮಾಡುತ್ತಾನೆ, ಅದನ್ನು ನೋಡಕ್ಕಾಗಲ್ಲ. ಆಮೇಲೆ ಇನ್ನೊಂದು ಮಾತು ಮೆಲ್ಲಗೆ ಬಂತು: ಅಡುಗೆಮನೆ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿದೆ, ಬಲಗಡೆ. ಮೊಮ್ಮಗ ಪಕ್ಕದಲ್ಲಿ ಬಂದು ನಿಂತರೂ ಗೊತ್ತಾಗಲ್ಲ. ಮಗನಿಗೆ ಹೇಳಿಲ್ಲ.

ನನ್ನ ಕೆಲಸ ಎಲ್ಲಿಗೆ ನಿಲ್ಲುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅಂತ ತೀರ್ಮಾನ ಮಾಡುವುದು ಆಪ್ತಸಲಹೆಗಾರರಲ್ಲ. ಆದರೆ ಆ ಮನೆಯಲ್ಲಿ ಆ ತೀರ್ಮಾನವನ್ನು ಡಾಕ್ಟರೂ ಮಾಡಿರಲಿಲ್ಲ, ಕಾಯಿಲೆ ಇರುವ ಅಮ್ಮನೂ ಮಾಡಿರಲಿಲ್ಲ, ಸಂಜೆಯ ಬುಲೆಟಿನ್ ಮಾಡುತ್ತಿತ್ತು. ಇದನ್ನೇ ಮಗನಿಗೆ ನೇರವಾಗಿ ಹೇಳಿದೆ. ಅಮ್ಮನ ಒಪ್ಪಿಗೆ ತಗೊಂಡು ಬಾಗಿಲ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಫೋನಿನಲ್ಲಿ ತೋರಿಸೋಣ ಅಂದರು ಆಮೇಲೆ. ತಪ್ಪೇನಿಲ್ಲ, ಅಲ್ಲಿಂದಲೇ ಶುರು ಮಾಡಿ ಅಂದೆ. 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್‌ಗೆ ಮಾರ್ಗಸೂಚಿ ಬಂದಿತ್ತು. ನೇರವಾಗಿ ನೋಡಲೇಬೇಕು ಅನ್ನಿಸಿದರೆ ಹಾಗೆ ಹೇಳುವ ಹಕ್ಕು ಡಾಕ್ಟರಿಗೆ ಅದರಲ್ಲೇ ಇದೆ. ಶುಗರ್ ಮಾತ್ರೆ ಹೆಚ್ಚು ಕಡಿಮೆ ಮಾಡುವುದು, ರಿಪೋರ್ಟ್ ತೋರಿಸುವುದು, ಇವೆಲ್ಲ ಫೋನಿನಲ್ಲಿ ಆಗುತ್ತೆ. ಕಣ್ಣಿನ ಒತ್ತಡ ಅಳೆಯುವುದಾಗಲೀ ಪಕ್ಕದ ದೃಷ್ಟಿ ಎಷ್ಟಿದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಆಗಲೀ ಫೋನಿನಲ್ಲಿ ಆಗಲ್ಲ. ಗ್ಲಾಕೋಮಾ ಹೆಚ್ಚಿನವರಿಗೆ ನೋವು ಕೊಡುವುದಿಲ್ಲ, ಹೋದ ದೃಷ್ಟಿಯನ್ನು ವಾಪಸ್ಸೂ ಕೊಡುವುದಿಲ್ಲ. ಹಾಗಾಗಿ ಡಾಕ್ಟರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ ಅಂದೆ: "ಈ ಭೇಟಿಯನ್ನು ಎಷ್ಟು ದಿನ ಮುಂದಕ್ಕೆ ಹಾಕಬಹುದು?" ಜೊತೆಗೆ ಡ್ರಾಪ್ಸ್ ದಿನ ಬಿಟ್ಟು ದಿನ ಹಾಕಿದ್ದನ್ನು ಮುಚ್ಚಿಡಬೇಡಿ, ಹಳೆ ಫೀಲ್ಡ್ ಟೆಸ್ಟಿನ ಫೋಟೋ ಮೊದಲೇ ಕಳಿಸಿ.

ಡಾಕ್ಟರು ಆ ವಾರವೇ ಬನ್ನಿ ಅಂದರು. ಇನ್ನು ಹೇಗೆ ಹೋಗುವುದು ಅನ್ನುವುದರ ಮೇಲೆ ಕೂತೆವು. ಭಯ ಇರುವವರಿಗೆ "ಹೆದರಬೇಡಿ" ಅಂದರೆ ಏನೂ ಆಗುವುದಿಲ್ಲ, ಕೈಗೆ ಕೆಲಸ ಕೊಟ್ಟರೆ ಸ್ವಲ್ಪ ಆಗುತ್ತೆ. ಅದು ಕಣ್ಣಿಗೆ ಮಾತ್ರ ಇರುವ ಆಸ್ಪತ್ರೆ, ಕೋವಿಡ್ ವಾರ್ಡ್ ಇರಲಿಲ್ಲ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿದರು. ಸ್ವಂತ ಕಾರು, ಕಿಟಕಿ ಇಳಿಸಿ. ಜೊತೆಗೆ ಒಬ್ಬರೇ, ಅದೂ ಸೊಸೆ. ಯಾಕೆಂದರೆ ಮಗ ಒಳಗೆ ಬಂದರೆ ಅವರ ಗಾಬರಿಯೇ ಅಮ್ಮನಿಗೆ ದೊಡ್ಡ ಹೊರೆ ಅಂತ ಅತ್ತೆ ಸೊಸೆ ಇಬ್ಬರೂ ಒಂದೇ ಮಾತಿನಲ್ಲಿ ಹೇಳಿದರು (ಆ ಮನೆಯಲ್ಲಿ ಇಬ್ಬರೂ ಒಂದಾಗಿದ್ದು ನಾನು ಕೇಳಿದ್ದು ಅದೇ ಮೊದಲು). ಗಾಳಿ ಊದಿ ಒತ್ತಡ ನೋಡುವ ಮೆಷಿನ್ ಬಳಸುತ್ತಾರಾ, ಅದರಿಂದ ಸೋಂಕು ಹರಡೀತು ಅನ್ನುವ ಭಯಕ್ಕೆ ಮಗ ಫೋನ್ ಮಾಡಿ ವಿಚಾರಿಸಿದರು. ಬಳಸುತ್ತಿಲ್ಲ, ಡಾಕ್ಟರ್ ಮತ್ತು ಪೇಷೆಂಟ್ ನಡುವೆ ಪ್ಲಾಸ್ಟಿಕ್ ಹಾಳೆ ಇದೆ ಅಂದ ಮೇಲೆ ಅವರಿಗೆ ಅರ್ಧ ಜೀವ ಬಂತು. ಶುಗರ್ ಟೆಸ್ಟಿಗೆ ಮನೆಗೇ ಬಂದು ರಕ್ತ ತಗೊಳ್ಳುವ ಹಾಗೆ ಮಾಡಿಕೊಂಡರು.

ಮನೆಗೂ ಎರಡು ಮಾತು ಹೇಳಿದ್ದೆ. ಬುಲೆಟಿನ್ ನೋಡಿ, ಆದರೆ ಊಟದ ಹೊತ್ತಲ್ಲಿ ಜೋರಾಗಿ ಓದುವುದು ಬೇಡ. ಡ್ರಾಪ್ಸ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಟಿಕ್ ಹಾಕುವ ಕೆಲಸ ಮೊಮ್ಮಗನದ್ದು. ಅವನು ಇನ್‌ಸ್ಪೆಕ್ಟರ್ ಆಗಿಬಿಟ್ಟನಂತೆ.

ಸಾಮಾನ್ಯವಾಗಿ 10ರಿಂದ 21ರ ಒಳಗಿರಬೇಕಾದ ಒತ್ತಡ ಬಲಗಣ್ಣಿನಲ್ಲಿ 28 ಇತ್ತು. ಹಿಂದಿನ ವರ್ಷದ ಫೀಲ್ಡ್ ಟೆಸ್ಟಿಗೆ ಹೋಲಿಸಿದರೆ ಬಲಗಡೆ ಇನ್ನಷ್ಟು ಕತ್ತಲಾಗಿತ್ತು. ಇನ್ನೊಂದು ಡ್ರಾಪ್ಸ್ ಸೇರಿಸಿದರು. ಮಗ ಅವತ್ತು ರಾತ್ರಿ ಫೋನ್ ಮಾಡಿ, "ಜೂನಲ್ಲೇ ಕರ್ಕೊಂಡು ಹೋಗಿದ್ರೆ ಉಳೀತಿತ್ತಾ ಮೇಡಂ?" ಅಂತ ಕೇಳಿದರು. ಇಲ್ಲ ಅಂತ ಸಮಾಧಾನ ಹೇಳಲು ನನಗೆ ಮನಸ್ಸು ಬರಲಿಲ್ಲ. ಸ್ವಲ್ಪ ಉಳಿಯುತ್ತಿತ್ತೇನೋ, ಡಾಕ್ಟರನ್ನೇ ಕೇಳಿ ಅಂದೆ. ಉಳಿದಿರುವ ದೃಷ್ಟಿಗೆ ಮುಂದಿನ ತಾರೀಖು ಯಾವಾಗ ಕೊಟ್ಟಿದ್ದಾರೆ ಅಂತ ಕೇಳಿದೆ. ಆ ಹೊತ್ತಿನ ಅಪರಾಧಿ ಭಾವವನ್ನು ಬೇಗ ಒರೆಸಿ ಹಾಕಿದರೆ ಅದು ಮತ್ತೆ ಭಯವಾಗಿ ತಿರುಗಿ ಬರುವುದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ಅವರ ಜೊತೆ ಇನ್ನೂ ಕೆಲವು ಸಲ ಮಾತಾಡಿದೆ, ಹೆಚ್ಚಾಗಿ ಆ ಗೆಳೆಯನ ತಂದೆಯ ಬಗ್ಗೆ.

2021ರ ಮಾರ್ಚಿನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದಾಗ ಅಮ್ಮನನ್ನು ಅವರೇ ಕರೆದುಕೊಂಡು ಹೋದರು. ಏಪ್ರಿಲ್ ಕೊನೆಗೆ ಎರಡನೇ ಅಲೆ ಜೋರಾಗಿದ್ದಾಗ ಕಣ್ಣಿನ ತಪಾಸಣೆಯ ತಾರೀಖು ಬಂತು. ಈ ಸಲ ಅಮ್ಮನೇ ಡಾಕ್ಟರಿಗೆ ಫೋನ್ ಮಾಡಿದರು. ಒತ್ತಡ ಹತೋಟಿಯಲ್ಲಿದೆ, ಅದೇ ಡ್ರಾಪ್ಸ್ ಮುಂದುವರಿಸಿ, ಕಣ್ಣು ಕೆಂಪಾದರೆ, ನೋವು ಬಂದರೆ ಅಥವಾ ಮಂಜಾದರೆ ತಕ್ಷಣ ಬನ್ನಿ, ಇಲ್ಲವಾದರೆ ಜೂನ್‌ವರೆಗೆ ಕಾಯಬಹುದು ಅಂದರಂತೆ. "ನಾನು ಹೇಳಿರ್ಲಿಲ್ವಾ" ಅಂತ ಮಗ ಬಾಯಿ ತೆಗೆದರೆ, "ಆವತ್ತು ಬೇಡ ಅಂದಿದ್ದು ನೀನು, ಇವತ್ತು ಅಂದಿದ್ದು ಡಾಕ್ಟ್ರು" ಅಂದರಂತೆ ಅಮ್ಮ. ಜೂನ್ ಕೊನೆಗೆ ಹೋಗಿ ತೋರಿಸಿಕೊಂಡು ಬಂದರು ಅಂತ ಸೊಸೆ ಮೆಸೇಜ್ ಹಾಕಿದ್ದರು.